31 ಸೆಕೆಂಡು ಬಾಕಿ ಇತ್ತು: ತಪ್ಪು ರಾಹಿಮ್ ಮೂರ್ ಒಬ್ಬನದೇನಾ?

ಡೆನ್ವರ್ ದೋಸೆ:
ಜನವರಿ ಬಂತು ಅಂದರೆ ನಮ್ಮ ಮನೆಯಲ್ಲಿ ಈ ಜಗಳ ಒಂದು ಸಲ ಆಗಲೇಬೇಕು. ಈ ವರ್ಷ ಹೆಂಡತಿ ಮಕ್ಕಳು ಯಾರೂ ಕಿವಿಗೊಡಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

2013ರ ಜನವರಿ 12. ಅಮೆರಿಕನ್ ಫುಟ್‌ಬಾಲ್, ಪ್ಲೇಆಫ್. ನಮ್ಮ ಡೆನ್ವರ್ ಬ್ರಾಂಕೋಸ್, ಎದುರಿಗೆ ಬಾಲ್ಟಿಮೋರ್ ರೇವನ್ಸ್. ನಮ್ಮವರು ಆ ಸೀಸನ್ನಿನಲ್ಲಿ 16ಕ್ಕೆ 13 ಗೆದ್ದಿದ್ದರು, ಅದರಲ್ಲಿ ಕೊನೆಯ 11 ಸಾಲಾಗಿ. ಎಸೆತಗಾರ ಪೇಟನ್ ಮ್ಯಾನಿಂಗ್ ಡೆನ್ವರಿಗೆ ಬಂದ ಮೊದಲ ವರ್ಷ. ಸ್ಕೋರು 35-28, ನಾವು ಮುಂದೆ. ಚೆಂಡು ರೇವನ್ಸ್ ಹತ್ತಿರ, ಅದೂ ಅವರದೇ 30 ಯಾರ್ಡ್ ಗೆರೆಯಲ್ಲಿ, ಅಂದರೆ ನಮ್ಮ ಕೊನೆ ಗೆರೆಗೆ ಇನ್ನೂ 70 ಯಾರ್ಡ್. ಗಡಿಯಾರ ನಿಲ್ಲಿಸಲು ಅವರಿಗೆ ಟೈಮ್‌ಔಟ್ ಒಂದೂ ಉಳಿದಿಲ್ಲ. ಒಂದು ನಿಮಿಷವೂ ಇಲ್ಲ.

ಅವರ ಎಸೆತಗಾರ ಜೋ ಫ್ಲಾಕೋ ಎತ್ತಿ ಎಸೆದ. ನಮ್ಮ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ಕಾಯುವ ರಾಹಿಮ್ ಮೂರ್ ಓಡಿ ಬಂದ, ಎಗರಿದ. ಚೆಂಡು ಅವನ ಕೈ ಮೇಲಿಂದ ದಾಟಿ ಹೋಯಿತು. ಅವನ ಹಿಂದೆ ರೇವನ್ಸ್‌ನ ಜಕೋಬಿ ಜೋನ್ಸ್ ಆರಾಮಾಗಿ ಹಿಡಿದು ಒಳಗೆ ಓಡಿದ. 70 ಯಾರ್ಡಿನ ಟಚ್‌ಡೌನ್ (ಚೆಂಡು ಕೊನೆ ಗೆರೆ ದಾಟಿತು), ಮೇಲಿನ ಒದೆತವೂ ಸೇರಿ ಏಳು ಅಂಕ. 35-35. ಗಡಿಯಾರದಲ್ಲಿ 31 ಸೆಕೆಂಡು. ಆಮೇಲೆ ಎರಡನೇ ಓವರ್‌ಟೈಮಿನಲ್ಲಿ 38-35ಕ್ಕೆ ಸೋತೆವು.

ಮೂರ್ ತಪ್ಪು ಮಾಡಿದ, ಒಪ್ಪಿದೆ. ಆದರೆ ಸೋಲಿಸಿದ್ದು ಅವನಲ್ಲ. ಇದೇ ನನ್ನ ವಾದ. ಬೈಯುವವರು ಬೈಯಿರಿ.

ಸುಮ್ನೆ ಬಂದೆ:
ಕೈಯಲ್ಲಿ ಹಿಡಿದುಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟವರದ್ದು ಮೊದಲ ತಪ್ಪು. ನಮಸ್ಕಾರ.

ಬಾಲ್ಟಿಮೋರ್ ಭಟ್ಟ:
ಅಂತೂ ಜನವರಿ ಬಂತು, ದೋಸೆಯವರ ಹುಣ್ಣು ಮತ್ತೆ ಕೆರೆಯಿತು. 😄

ಮಾರಾಯ್ರೇ, ಇದರಲ್ಲಿ ವಾದ ಎಂಥದ್ದು? ಏಳು ಅಂಕ ಮುಂದೆ ಇದ್ದೀರಿ. ಸಮಯ ಇಲ್ಲ. ಎದುರಿನವರ ಹತ್ತಿರ ಟೈಮ್‌ಔಟ್ ಇಲ್ಲ. ಆಗ ಸೇಫ್ಟಿಗೆ ಇರುವುದು ಒಂದೇ ಕೆಲಸ: ಯಾರನ್ನೂ ನಿನ್ನ ಹಿಂದೆ ಬಿಡಬೇಡ. ಮುಂದೆ ಹಿಡಿದರೆ ಹಿಡಿಯಲಿ, ಬಿಡು. ಇದು ಶಾಲೆ ಹುಡುಗರಿಗೂ ಹೇಳಿಕೊಡುವ ಪಾಠ. ಅದೊಂದನ್ನೇ ಮಾಡಲಿಲ್ಲ ಅಂದ ಮೇಲೆ?

ನಾನು ಆ ಆಟ ನೋಡಿದ್ದು ಮೇರಿಲ್ಯಾಂಡಿನಲ್ಲಿ, ಗೆಳೆಯನ ಮನೆಯ ಬೇಸ್‌ಮೆಂಟಿನಲ್ಲಿ. ಅರ್ಧ ಜನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆ ಎಸೆತ ಆದ ಮೇಲೆ ಯಾರ ಕಾಲಲ್ಲಿ ಯಾರ ಚಪ್ಪಲಿ ಇತ್ತು ಅಂತ ಗೊತ್ತಾಗಲಿಲ್ಲ.

ನಿದ್ದೆಗೆಟ್ಟವಳು:
ಒಂದು ಪ್ರಶ್ನೆ ಕೇಳಬಹುದಾ? ನಾನು ಮೈಸೂರಿನಿಂದ. ಈ ಆಟ ನೋಡೋಕೆ ಶುರು ಮಾಡಿ ಎರಡೇ ವರ್ಷ ಆಯಿತು, ಅದೂ ಬೆಳಗಿನ ಜಾವ 3 ಗಂಟೆಗೆ ಎದ್ದು. ಕಾರ್ನರ್‌ಬ್ಯಾಕ್, ಸೇಫ್ಟಿ ಇಬ್ಬರೂ ಡಿಫೆನ್ಸಿವ್ ಬ್ಯಾಕ್ ಅಂತಾರೆ. ಹಾಗಾದರೆ ಜೋನ್ಸ್ ಜೊತೆ ಓಡಬೇಕಿದ್ದ ಕಾರ್ನರ್ ಎಲ್ಲಿದ್ದ? ಅವನನ್ನು ಯಾಕೆ ಯಾರೂ ಬೈಯಲ್ಲ?

ಡೆನ್ವರ್ ದೋಸೆ:
ಮೇಡಂ, ಬಂದು ಹತ್ತು ನಿಮಿಷಕ್ಕೇ ಒಳ್ಳೇ ಪ್ರಶ್ನೆ ಕೇಳಿದಿರಿ.

ಗಲ್ಲಿ ಕ್ರಿಕೆಟ್ಟಿನಲ್ಲಿ ಕೀಪರ್ ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸುತ್ತೇವಲ್ಲ, ಚೆಂಡು ಚರಂಡಿಗೆ ಹೋಗದಿರಲಿ ಅಂತ? ಸೇಫ್ಟಿ ಅವನು. ಎಲ್ಲರೂ ತಪ್ಪಿದ ಮೇಲೆ ಉಳಿಯುವವನು. ಕಾರ್ನರ್ ಅಂದರೆ ಎದುರಾಳಿ ರಿಸೀವರ್ (ಎಸೆತ ಹಿಡಿಯುವವನು) ಮುಂದೆ ನಿಂತು, ಅವನ ಜೊತೆಗೇ ಓಡುವವನು.

ಆ ಕಡೆ ಕಾರ್ನರ್ ಟೋನಿ ಕಾರ್ಟರ್. ಅವನು ಜೋನ್ಸ್ ಜೊತೆ ಒಂದಷ್ಟು ದೂರ ಹೋಗಿ, 'ಇಲ್ಲಿಂದ ನಿನ್ನದು' ಅಂತ ಮೂರ್‌ಗೆ ಬಿಟ್ಟ. ಆ ಪ್ಲೇಯಲ್ಲಿ ಹೊಂದಾಣಿಕೆಯೇ ಹಾಗೆ. ಕೆಳಗಿನದು ಕಾರ್ನರ್‌ಗೆ, ಮೇಲಿನದು ಸೇಫ್ಟಿಗೆ. ಅದಕ್ಕೇ ಕಾರ್ಟರ್ ಹೆಸರು ಯಾರಿಗೂ ನೆನಪಿಲ್ಲ.

ರೈಟ್ ಕಾರ್ನರ್:
ಕಬಡ್ಡಿಯವನು ಬಾಯಿ ಹಾಕಬಹುದಾ? ನಾನು ಮಂಡ್ಯ ಕಡೆಯವನು. ಕಾಲೇಜಿಗೆ, ಆಮೇಲೆ ಊರಿನ ಟೀಮಿಗೆ ಆಡಿದ್ದೇನೆ. ಅಮೆರಿಕದ ಆಟ ನನಗೆ ಅಷ್ಟಕ್ಕಷ್ಟೆ. ಆದರೆ ನಮ್ಮಲ್ಲೂ ಕಾರ್ನರ್ ಇದೆ, ಕವರ್ ಇದೆ. ಕೈ ಹಿಡಿದು ಚೈನ್ ಕಟ್ಟುತ್ತೇವೆ. ಕಾರ್ನರ್ ಕಾಲು ಹಿಡಿದ ಅಂದರೆ ಕವರ್ ಬಂದು ಮೈಮೇಲೆ ಬೀಳಬೇಕು. ಬೀಳಲಿಲ್ಲ ಅಂದರೆ ರೇಡರ್ ಇಬ್ಬರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ.

ವಿಡಿಯೋ ಈಗ ನೋಡಿದೆ. ನಮ್ಮ ಭಾಷೆಯಲ್ಲಿ ಇದು ಅಡ್ವಾನ್ಸ್ ಟ್ಯಾಕಲ್. ನಾಲ್ಕು ಪಾಯಿಂಟು ಲೀಡ್ ಇರುತ್ತದೆ, ಕೊನೇ ರೇಡು. ಕೋಚು ಆಚೆಯಿಂದ 'ಮುಟ್ಟಬೇಡ್ರೋ, ಬಿಟ್ಬಿಡ್ರೋ' ಅಂತ ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಆದರೂ ಒಬ್ಬನಿಗೆ ತಡೆಯೋಕೆ ಆಗಲ್ಲ. ಹಿಡಿದೇ ಬಿಡುತ್ತೇನೆ ಅಂತ ನುಗ್ಗುತ್ತಾನೆ. ಈ ಹುಡುಗ ಮಾಡಿದ್ದೂ ಅದೇ. ಹಿಂದೆ ನಿಂತಿದ್ದರೆ ಸಾಕಿತ್ತು.

ಬಾಲ್ಟಿಮೋರ್ ಭಟ್ಟ:
ನೋಡಿ! ಈ ಆಟ ಗೊತ್ತಿಲ್ಲದವರಿಗೂ ಒಂದೇ ಸಲಕ್ಕೆ ಕಂಡಿತು.

ಗಾಳಿಪಟ 5280:
ಸ್ವಲ್ಪ ನಿಲ್ಲಿ. ಅವನು ನುಗ್ಗಲಿಲ್ಲ. ಲೆಕ್ಕ ತಪ್ಪಿದ. ಎರಡಕ್ಕೂ ವ್ಯತ್ಯಾಸ ಇದೆ.

ಚೆಂಡು ಮೇಲೆ ಹೋದಾಗ ಅದು ಎಲ್ಲಿ ಬೀಳುತ್ತದೆ ಅಂತ ಮನಸ್ಸಲ್ಲೇ ಒಂದು ಗುರುತು ಹಾಕಿಕೊಂಡು ಓಡುತ್ತೇವೆ. ಮೂರ್ ಹಾಕಿಕೊಂಡ ಗುರುತು ಕೆಲವು ಅಡಿ ಮುಂದಾಯಿತು. ಚೆಂಡು ಇನ್ನೂ ಮೇಲಿದೆ ಅಂತ ಗೊತ್ತಾದಾಗ ಹಿಂದಕ್ಕೆ ಹೋಗಲು ಕಾಲ ಮೀರಿತ್ತು, ಅಲ್ಲಿಂದಲೇ ಎಗರಿದ. ಇದು ಆಸೆಬುರುಕತನ ಅಲ್ಲ, ಕಣ್ಣಳತೆಯ ತಪ್ಪು.

ಡೆನ್ವರ್ ಸಮುದ್ರ ಮಟ್ಟದಿಂದ 5280 ಅಡಿ ಎತ್ತರದಲ್ಲಿದೆ ಅನ್ನುವುದನ್ನೂ ಮರೆಯಬೇಡಿ. ಅಲ್ಲಿ ಗಾಳಿ ತೆಳು, ಚೆಂಡು ಜಾಸ್ತಿ ದೂರ ಹೋಗುತ್ತದೆ.

ಹಳೇ ಸ್ಕೋರ್‌ಬೋರ್ಡ್:
ಗಾಳಿಪಟದವರೇ, ಅವನು ಅಲ್ಲಿಯವನೇ ಅಲ್ವಾ? ಎರಡು ವರ್ಷದಿಂದ ಅದೇ ಮೈದಾನದಲ್ಲಿ ಆಡಿದವನಿಗೆ ತೆಳು ಗಾಳಿ ಹೊಸದಾ? ಚಿನ್ನಸ್ವಾಮಿಯಲ್ಲಿ ಆಡಿ ಬೆಳೆದವನು ಇಲ್ಲಿ ಸಿಕ್ಸ್ ಸುಲಭವಾಗಿ ಹೋಗುತ್ತದೆ ಅಂತ ನೆಪ ಹೇಳಿದ ಹಾಗಾಯಿತು.

ಗಾಳಿಪಟ 5280:
ಸರ್, ಸರಿಯಾಗಿ ಹಿಡಿದಿರಿ. ನಾನೇ ಆಮೇಲೆ ಕೂತು ಲೆಕ್ಕ ಹಾಕಿದೆ, ನನ್ನ ವಾದ ನನಗೇ ತಿರುಗಿ ಹೊಡೆಯಿತು. ಆ ದಿನ ಮೈನಸ್ 11 ಡಿಗ್ರಿ ಆಸುಪಾಸು ಚಳಿ. ಗಾಳಿ ತಣ್ಣಗಾದಷ್ಟೂ ದಪ್ಪಗಾಗುತ್ತದೆ. ಎತ್ತರದಿಂದ ಗಾಳಿ ಸುಮಾರು 17% ತೆಳುವಾದರೆ, 25 ಡಿಗ್ರಿಯ ಬಿಸಿಲಿಗೆ ಹೋಲಿಸಿದಾಗ ಆ ಚಳಿಯಲ್ಲಿ ಸುಮಾರು 14% ದಪ್ಪವಾಗುತ್ತದೆ. ಅಂದರೆ ಅದಕ್ಕೂ ಇದಕ್ಕೂ ಹೆಚ್ಚುಕಮ್ಮಿ ವಜಾ. ಸೆಪ್ಟೆಂಬರಿನ ಅಭ್ಯಾಸದಲ್ಲಿ ಇದ್ದವನಿಗೆ ಚೆಂಡು ಅಂದುಕೊಂಡದ್ದಕ್ಕಿಂತ ಮೊದಲೇ ಬೀಳಬೇಕಿತ್ತು. ಇಲ್ಲಿ ಆದದ್ದು ಉಲ್ಟಾ.

ಗಾಳಿಯನ್ನು ಕೇಸಿನಿಂದ ಕೈಬಿಡುತ್ತಿದ್ದೇನೆ.

ನಿದ್ದೆಗೆಟ್ಟವಳು:
ಹಹ್ಹಾ, ಸಾಕ್ಷಿಯನ್ನು ವಕೀಲರೇ ಓಡಿಸಿದರು.

ಹಳೇ ಸ್ಕೋರ್‌ಬೋರ್ಡ್:
ನನಗೆ ಇದನ್ನು ಓದುತ್ತಾ ನೆನಪಾಗಿದ್ದು 1986ರ ಏಪ್ರಿಲ್ 18. ಶಾರ್ಜಾ. ಕೊನೇ ಚೆಂಡಿಗೆ ಪಾಕಿಸ್ತಾನಕ್ಕೆ 4 ಬೇಕು. ಚೇತನ್ ಶರ್ಮಾ ಫುಲ್‌ಟಾಸ್ ಹಾಕಿದ, ಮಿಯಾಂದಾದ್ ಎತ್ತಿದ. ನಮ್ಮ ಬೀದಿಯಲ್ಲಿ ಒಂದೇ ಟಿವಿ. ಆ ಮನೆಯ ಯಜಮಾನರು ಒಂದು ಮಾತೂ ಆಡದೆ ಟಿವಿಯ ಶಟರ್ ಎಳೆದರು. ಹೌದು, ಆಗ ಟಿವಿಗೆ ಮರದ ಬಾಗಿಲು ಇರುತ್ತಿತ್ತು.

ಮುಂದಿನ ವರ್ಷವೇ, 1987ರ ವಿಶ್ವಕಪ್ಪಿನಲ್ಲಿ, ನಾಗಪುರದಲ್ಲಿ ನ್ಯೂಜಿಲೆಂಡ್ ಮೇಲೆ ಇದೇ ಶರ್ಮಾ ಹ್ಯಾಟ್ರಿಕ್ ತೆಗೆದ. ವಿಶ್ವಕಪ್ ಇತಿಹಾಸದಲ್ಲೇ ಮೊದಲನೆಯದು. ಮೂರಕ್ಕೆ ಮೂರೂ ಬೌಲ್ಡ್. ಈಗ ಯಾವುದೇ ಟೀ ಅಂಗಡಿಯಲ್ಲಿ ಚೇತನ್ ಶರ್ಮಾ ಅನ್ನಿ, ಜನ ಏನು ಹೇಳುತ್ತಾರೆ ನೋಡಿ.

ದೋಸೆಯವರು ಹೇಳುವುದು ಇದನ್ನೇ ಅನಿಸುತ್ತದೆ.

ಡೆನ್ವರ್ ದೋಸೆ:
ಸರ್, ಅರ್ಧ ಇದು. ಇನ್ನರ್ಧ ಹೇಳಬೇಕಾದರೆ ಮೊದಲಿನಿಂದ ಬರಬೇಕು. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅದೇ ದಿನ, ಅದೇ ಮೈದಾನದಲ್ಲಿ, ರೇವನ್ಸ್‌ನ ಟೋರಿ ಸ್ಮಿತ್ ಎರಡು ಟಚ್‌ಡೌನ್ ಹಿಡಿದ. ಒಂದು 59 ಯಾರ್ಡು, ಇನ್ನೊಂದು 32. ಎರಡೂ ಸಲ ಅವನ ಜೊತೆ ಇದ್ದ ಕಾರ್ನರ್ ಯಾರು? ಚಾಂಪ್ ಬೇಲಿ. 12 ಸಲ ಪ್ರೋ ಬೌಲ್‌ಗೆ (ವರ್ಷದ ಉತ್ತಮ ಆಟಗಾರರ ಸಾಲಿಗೆ) ಆಯ್ಕೆಯಾದವರು, 2019ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ನನಗೆ ಅವರ ಮೇಲೆ ಗೌರವ ಇದೆ, ಅವರ ಜೆರ್ಸಿ ಈಗಲೂ ಬೀರುವಿನಲ್ಲಿದೆ. ಆದರೆ ಲೆಕ್ಕ ಲೆಕ್ಕವೇ. ಅಲ್ಲಿ ಎರಡು ಟಚ್‌ಡೌನ್, ಮೂರ್ ಹತ್ತಿರ ಒಂದು. ಬೇಲಿ ತಪ್ಪಿದ್ದು ಮೊದಲರ್ಧದಲ್ಲಿ, ಆದ್ದರಿಂದ ಯಾರ ಬಾಯಲ್ಲೂ ಇಲ್ಲ.

ಎರಡನೆಯದು ನಮ್ಮ ಕೋಚ್ ಜಾನ್ ಫಾಕ್ಸ್. ಕೊನೆಯಲ್ಲಿ ಚೆಂಡು ನಮ್ಮ ಕೈಯಲ್ಲಿತ್ತು. ಮೂರನೇ ಡೌನ್, ಅಂದರೆ ಮೂರನೇ ಯತ್ನ, 7 ಯಾರ್ಡ್ ಬೇಕು. ಅಷ್ಟು ದಾಟಿ ಒಂದು ಫಸ್ಟ್ ಡೌನ್, ಅಂದರೆ ಮತ್ತೆ ಹೊಸ ಯತ್ನಗಳು, ಸಿಕ್ಕರೆ ಆಟ ಅಲ್ಲಿಗೇ ಮುಗೀತು. ಮ್ಯಾನಿಂಗ್ ನಿಂತಿದ್ದಾನೆ, ಜಗತ್ತಿನಲ್ಲೇ ಅಂಥ ಎಸೆತಗಾರ ಇಲ್ಲ. ಇವರು ಏನು ಮಾಡಿದರು? ಹೊಸ ಹುಡುಗ ರಾನಿ ಹಿಲ್‌ಮನ್ ಕೈಗೆ ಚೆಂಡು ಕೊಟ್ಟು ಓಡಿಸಿದರು. ಸಿಗಲಿಲ್ಲ. ಪಂಟ್. 1 ನಿಮಿಷ 9 ಸೆಕೆಂಡು ಇಟ್ಟು ರೇವನ್ಸ್‌ಗೆ ಚೆಂಡು ಒಪ್ಪಿಸಿದೆವು.

ಮೂರನೆಯದು ನನಗೆ ಈಗಲೂ ಉರಿಯುವುದು. ಸ್ಕೋರು ಸಮ ಆಯಿತು. 31 ಸೆಕೆಂಡು ಇದೆ. ಎರಡು ಟೈಮ್‌ಔಟ್ ಇದೆ. ನಮ್ಮ 20 ಯಾರ್ಡಿನಲ್ಲಿ ಚೆಂಡು. ಒಂದು ಫೀಲ್ಡ್‌ಗೋಲ್, ಅಂದರೆ ಕಂಬಗಳ ನಡುವೆ ಒದ್ದರೆ ಬರುವ 3 ಅಂಕ, ಸಾಕಿತ್ತು. ಫಾಕ್ಸ್ ಮಂಡಿಯೂರಿಸಿದರು, ಆಡದೆ ಸಮಯ ಮುಗಿಸಿದರು! ಓವರ್‌ಟೈಮಿಗೆ ಹೋಗೋಣ ಅಂದರು! ಮ್ಯಾನಿಂಗ್ ಇಟ್ಟುಕೊಂಡು!

ಬಾಲ್ಟಿಮೋರ್ ಭಟ್ಟ:
ಆ ಮಂಡಿಯೂರಿದ್ದನ್ನು ನೋಡಿ ನಮ್ಮ ಬೇಸ್‌ಮೆಂಟಿನಲ್ಲಿ ಸಿಳ್ಳೆ ಬಿತ್ತು ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ.

ಆದರೆ ನಿಮ್ಮ ಫೀಲ್ಡ್‌ಗೋಲ್ ಲೆಕ್ಕ ಅಷ್ಟು ಸುಲಭ ಇಲ್ಲ. ಮೊದಲರ್ಧದ ಕೊನೆಗೆ ನಿಮ್ಮ ಕಿಕ್ಕರ್ ಮ್ಯಾಟ್ ಪ್ರೇಟರ್ 52 ಯಾರ್ಡಿನದನ್ನು ಒದೆಯಲು ಹೋಗಿ ನೆಲಕ್ಕೆ ಒದ್ದ. ಚೆಂಡು ನಮಗೆ ಬಂತು, ಅದರಿಂದಲೇ ಸ್ಮಿತ್‌ನ ಎರಡನೇ ಟಚ್‌ಡೌನ್. ಆ ಚಳಿಯಲ್ಲಿ ಚೆಂಡು ಕಲ್ಲಾಗಿರುತ್ತದೆ ಮಾರಾಯ್ರೇ. ಫಾಕ್ಸ್ ಹೆದರಿದ್ದರಲ್ಲಿ ಅರ್ಥ ಇದೆ.

ಡೆನ್ವರ್ ದೋಸೆ:
ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಮೈದಾನ, ಅದೇ ಪ್ರೇಟರ್, 64 ಯಾರ್ಡ್ ಒದ್ದ. ಆ ಹೊತ್ತಿಗೆ ಎನ್‌ಎಫ್‌ಎಲ್ ಲೀಗಿನ ದಾಖಲೆ. ಅವತ್ತೂ ಕೊರೆಯುವ ಚಳಿ. ಏನಂತೀರಿ ಭಟ್ರೇ?

ಬಾಲ್ಟಿಮೋರ್ ಭಟ್ಟ:
ಡಿಸೆಂಬರಿನದು ಡಿಸೆಂಬರಿಗೆ.

ನಮ್ಮ ಜಸ್ಟಿನ್ ಟಕರ್ ಅದೇ ಚಳಿಯಲ್ಲಿ 47 ಯಾರ್ಡ್ ಹಾಕಿ ಆಟ ಮುಗಿಸಿದ, ಮೊದಲ ವರ್ಷದ ಹುಡುಗ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಯಾರು? ನಿಮ್ಮ ಮ್ಯಾನಿಂಗ್. ಬಲಕ್ಕೆ ಓಡುತ್ತಾ, ಮೈ ತಿರುಚಿ ನಡುವಿಗೆ ಎಸೆದರು. ನಮ್ಮ ಕೋರಿ ಗ್ರಹಾಂ ಹಿಡಿದ. ಅದೇ ಗ್ರಹಾಂ ಮೊದಲರ್ಧದಲ್ಲಿ ಮ್ಯಾನಿಂಗ್‌ನ ಇನ್ನೊಂದು ಚೆಂಡು ಹಿಡಿದು 39 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದ. ದೋಸೆಯವರ ಪಟ್ಟಿಯಲ್ಲಿ ಮ್ಯಾನಿಂಗ್ ಹೆಸರು ಮಾತ್ರ ಕಾಣಲಿಲ್ಲ. ಮರೆತಿರಾ, ಅಥವಾ ದೇವರ ಪಟದ ಪಕ್ಕ ಅವರ ಪಟವೂ ಇದೆಯಾ?

ಡೆನ್ವರ್ ದೋಸೆ:
ಪಟ ಇಲ್ಲ. ಮಗ್ ಇದೆ. ಸರಿ, ಸೇರಿಸಿಕೊಳ್ಳಿ.

ರೈಟ್ ಕಾರ್ನರ್:
ಇಷ್ಟೆಲ್ಲ ಕೇಳಿದ ಮೇಲೆ ನನಗನಿಸಿದ್ದು. ಕೋಚ್ ತಪ್ಪು ಮಾಡಿದರು, ಹಿರಿಯರು ತಪ್ಪು ಮಾಡಿದರು, ಎಲ್ಲ ಸರಿ. ಆದರೂ ಚೆಂಡು ಮೇಲೆ ಹೋದಾಗ ಲೀಡ್ ಇತ್ತಲ್ಲ? ಅವನೊಬ್ಬ ತನ್ನ ಜಾಗದಲ್ಲಿ ಇದ್ದಿದ್ದರೆ ಆ ತಪ್ಪುಗಳು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಕೊನೇ ಆಳಿನ ಕೆಲಸವೇ ಅದು. ಬೇರೆಯವರ ತಪ್ಪು ಮುಚ್ಚೋಕೇ ಅವನನ್ನು ಅಲ್ಲಿ ನಿಲ್ಲಿಸಿರುವುದು. ಮುಂದಿನವರೂ ತಪ್ಪಿದರು ಅಂತ ಹೇಳಿದರೆ, ಹಾಗಾದರೆ ನೀನು ಯಾಕೆ ಅಂತ ಕೇಳುತ್ತಾರೆ.

ನಿದ್ದೆಗೆಟ್ಟವಳು:
ಇದು ಕಷ್ಟದ ಮಾತು. ನನಗೆ ಉತ್ತರ ಹೊಳೆಯುತ್ತಿಲ್ಲ.

ಒಂದು ಅನುಮಾನ. ಮೂರ್ ಹಿಂದೆಯೇ ಉಳಿದು, ಜೋನ್ಸ್ ಹಿಡಿಯಲಿ ಅಂತ ಬಿಟ್ಟು, ಅಲ್ಲೇ ಕೆಡವಿದ್ದರೆ ಏನಾಗುತ್ತಿತ್ತು?

ಡೆನ್ವರ್ ದೋಸೆ:
ಜೋನ್ಸ್ ಹಿಡಿದದ್ದು ಸುಮಾರು ನಮ್ಮ 20 ಯಾರ್ಡ್ ಹತ್ತಿರ. ಅಲ್ಲಿ ಕೆಡವಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ, ನಿಲ್ಲಿಸಲು ಅವರ ಹತ್ತಿರ ಟೈಮ್‌ಔಟ್ ಇಲ್ಲ. ಇಡೀ ತಂಡ ಅಷ್ಟು ದೂರ ಓಡಿ ಬಂದು, ಸಾಲಾಗಿ ನಿಂತು, ಚೆಂಡು ನೆಲಕ್ಕೆ ಕುಕ್ಕಿ ಗಡಿಯಾರ ನಿಲ್ಲಿಸಬೇಕು. ಆಮೇಲೆ ಎರಡು, ಹೆಚ್ಚೆಂದರೆ ಮೂರು ಎಸೆತ. ಟಚ್‌ಡೌನೇ ಬೇಕು, ಫೀಲ್ಡ್‌ಗೋಲಿನಲ್ಲಿ ಆಗಲ್ಲ.

ಬಾಲ್ಟಿಮೋರ್ ಭಟ್ಟ:
ಸೋಲುತ್ತಿದ್ದೆವು ಅಂತ ನಾನು ಒಪ್ಪುತ್ತೇನೆ. ನೂರಕ್ಕೆ ಎಂಬತ್ತು.

ಹಾಗೇ ಇನ್ನೊಂದು. ಫ್ಲಾಕೋಗೆ ಸ್ವಲ್ಪವಾದರೂ ಶ್ರೇಯಸ್ಸು ಕೊಡಿ. ಆ ಕಡೆ ಈ ಕಡೆಯಿಂದ ನಿಮ್ಮ ವಾನ್ ಮಿಲ್ಲರ್, ಡೂಮರ್ವಿಲ್ ನುಗ್ಗುತ್ತಿದ್ದರು. ಫ್ಲಾಕೋ ಹೆದರದೆ ಒಂದು ಹೆಜ್ಜೆ ಮುಂದೆ ಬಂದು ಇದ್ದ ಬಲವೆಲ್ಲ ಹಾಕಿ ಎಸೆದ. ಆ ಪ್ಲೇಆಫ್‌ನ ನಾಲ್ಕು ಆಟಗಳಲ್ಲಿ ಅವನದು 11 ಟಚ್‌ಡೌನ್, ಎದುರಾಳಿ ಕೈಗೆ ಸಿಕ್ಕ ಎಸೆತ (ಇಂಟರ್‌ಸೆಪ್ಷನ್) ಒಂದೂ ಇಲ್ಲ. ಕೊನೆಗೆ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಅದರಲ್ಲಿ ಶ್ರೇಷ್ಠ ಆಟಗಾರ (ಎಂವಿಪಿ). ಎದುರಾಳಿ ತಪ್ಪಿದ್ದಕ್ಕೆ ಮಾತ್ರ ಇವನು ಗೆದ್ದ ಅಂದರೆ ನನಗೆ ಬೇಜಾರಾಗುತ್ತದೆ.

ಜೋನ್ಸ್ ಬಗ್ಗೆಯೂ ಎರಡು ಮಾತು. ಅದೇ ಸೂಪರ್ ಬೌಲಿನಲ್ಲಿ ಎರಡನೇ ಅರ್ಧದ ಮೊದಲ ಕಿಕ್ ಹಿಡಿದು 108 ಯಾರ್ಡ್ ಓಡಿದ. ಅದಾಗಿ ಸ್ವಲ್ಪ ಹೊತ್ತಿಗೆ ಸ್ಟೇಡಿಯಮ್ಮಿನ ಕರೆಂಟೇ ಹೋಯಿತು, 34 ನಿಮಿಷ. 2024ರ ಜುಲೈಯಲ್ಲಿ ಜೋನ್ಸ್ ತೀರಿಕೊಂಡ. ಬರೀ 40 ವರ್ಷ. ಆ ವಾರ ಬಾಲ್ಟಿಮೋರಿನಲ್ಲಿ ಎಲ್ಲರ ಫೋನಿನಲ್ಲೂ ಈ 70 ಯಾರ್ಡಿನ ವಿಡಿಯೋನೇ. ಪ್ರತಿ ಸಲವೂ ಮೂರ್ ಎಗರುತ್ತಾನೆ, ಪ್ರತಿ ಸಲವೂ ತಪ್ಪುತ್ತಾನೆ. ಆಗ ಮೊದಲ ಸಲ ನನಗೆ ಆ ಹುಡುಗನ ಬಗ್ಗೆ ಅಯ್ಯೋ ಅನಿಸಿತು. ಸತ್ತವನ ನೆನಪಿಗೆ ಹಾಕುವ ವಿಡಿಯೋದಲ್ಲೂ ಅವನು ಬೀಳಲೇಬೇಕು.

ಹಳೇ ಸ್ಕೋರ್‌ಬೋರ್ಡ್:
ಆಮೇಲೆ ಅವನು ಏನಾದ?

ಡೆನ್ವರ್ ದೋಸೆ:
ಆಟ ಮುಗಿದ ಮೇಲೆ ಪತ್ರಕರ್ತರ ಮುಂದೆ ನಿಂತು ತಪ್ಪು ನನ್ನದೇ ಅಂದ. ಓಡಿಹೋಗಲಿಲ್ಲ. ಆಗ ಅವನಿಗೆ ವೃತ್ತಿಯಲ್ಲಿ ಎರಡನೇ ವರ್ಷ. ಮುಂದಿನ ಸೀಸನ್ನಿನಲ್ಲೂ ನಮ್ಮಲ್ಲೇ ಆಡಿದ. ನವೆಂಬರಿನಲ್ಲಿ ಕಾಲಿನ ಸ್ನಾಯುವಿನೊಳಗೆ ಒತ್ತಡ ಏರಿ, ತುರ್ತಾಗಿ ಆಪರೇಷನ್ ಆಯಿತು. 2014ರಲ್ಲಿ ವಾಪಸ್ ಬಂದ. ಆಮೇಲೆ ಹ್ಯೂಸ್ಟನ್, ಕ್ಲೀವ್‌ಲ್ಯಾಂಡ್. ನಾವು 2016ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಅವನು ನಮ್ಮಲ್ಲಿರಲಿಲ್ಲ. ಅದೂ ಡಿಫೆನ್ಸಿನಿಂದಲೇ ಗೆದ್ದ ವರ್ಷ.

ಗಾಳಿಪಟ 5280:
ಮಾರ್ಕಸ್ ವಿಲಿಯಮ್ಸ್ ಕಥೆಯನ್ನೂ ಇಲ್ಲಿಗೆ ಜೋಡಿಸಿ. 2018ರ ಜನವರಿ 14, ಮಿನಿಯಾಪೊಲಿಸ್. ನ್ಯೂ ಆರ್ಲಿಯನ್ಸ್ ಸೇಂಟ್ಸ್ 24-23 ಮುಂದೆ, 10 ಸೆಕೆಂಡು ಬಾಕಿ. ವೈಕಿಂಗ್ಸ್‌ನ ಸ್ಟೆಫಾನ್ ಡಿಗ್ಸ್ ಅಂಚಿನಲ್ಲಿ ಎಗರಿ ಹಿಡಿದ. ಸೇಫ್ಟಿ ವಿಲಿಯಮ್ಸ್ ತಲೆ ತಗ್ಗಿಸಿ ಹೋಗಿ, ಡಿಗ್ಸ್‌ಗೆ ತಾಗದೆ ತನ್ನದೇ ತಂಡದವನಿಗೆ ಗುದ್ದಿದ. ಡಿಗ್ಸ್ ಸುಮ್ನೆ ಓಡಿ ಹೋದ. 61 ಯಾರ್ಡು, 29-24, ಆಟ ಮುಗೀತು. ವಿಲಿಯಮ್ಸ್ ಆಗ ಮೊದಲ ವರ್ಷದ ಹುಡುಗ.

ನನ್ನ ಪ್ರಕಾರ ಇದು ಮೂರ್‌ಗಿಂತ ದೊಡ್ಡ ತಪ್ಪು. ಮೂರ್ ಚೆಂಡಿನ ಲೆಕ್ಕ ತಪ್ಪಿದ. ಇವನು ಕಣ್ಣ ಮುಂದೆ ಇದ್ದ ಆಳನ್ನೇ ತಪ್ಪಿದ. ಗೆರೆಯೊಳಗೆ ಸುಮ್ನೆ ತಬ್ಬಿಕೊಂಡಿದ್ದರೂ ಸಮಯ ಮುಗಿಯುತ್ತಿತ್ತು.

ಬಾಲ್ಟಿಮೋರ್ ಭಟ್ಟ:
ಆ ವಿಲಿಯಮ್ಸ್ 2022ರಲ್ಲಿ ಯಾವ ತಂಡ ಸೇರಿದ ಅಂತ ಹೇಳಲೇ ಇಲ್ಲ ನೀವು. ನಮ್ಮದು! ಐದು ವರ್ಷಕ್ಕೆ 7 ಕೋಟಿ ಡಾಲರ್ ಒಪ್ಪಂದ. ಅವತ್ತು ನನ್ನ ತಮ್ಮ ಮಂಗಳೂರಿನಿಂದ ಫೋನ್ ಮಾಡಿ, 'ಅಣ್ಣಾ, ನೀವು ಡೆನ್ವರಿಗೆ ಮಾಡಿದ್ದನ್ನು ನಿಮಗೇ ಮಾಡಲು ಒಬ್ಬನನ್ನು ದುಡ್ಡು ಕೊಟ್ಟು ತಂದಿರಾ?' ಅಂದ.

ಡೆನ್ವರ್ ದೋಸೆ:
ನಿಮ್ಮ ತಮ್ಮನ ವಿಳಾಸ ಕೊಡಿ, ಮೈಸೂರ್‌ಪಾಕ್ ಕಳಿಸುತ್ತೇನೆ.

ಗಂಭೀರವಾಗಿ ಹೇಳಬೇಕಂದರೆ, ವಿಲಿಯಮ್ಸ್‌ಗೆ ಸಿಕ್ಕಿದ್ದು ಮೂರ್‌ಗೆ ಸಿಗಲಿಲ್ಲ. ಆ ತಪ್ಪಿನ ಆಚೆಗೂ ಅವನು ಒಳ್ಳೇ ಸೇಫ್ಟಿ ಅಂತ ಯಾರೋ ಲೆಕ್ಕ ಹಾಕಿ ಅಷ್ಟು ದುಡ್ಡು ಕೊಟ್ಟರು. ಮೂರ್ ವಿಷಯದಲ್ಲಿ ಆ ಲೆಕ್ಕ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ಅವನು ಬೇರೆ ತಂಡಕ್ಕೆ ಹೋದಾಗ 'ಹೋಗಲಿ ಬಿಡು' ಅಂದವರಲ್ಲಿ ನಾನೂ ಒಬ್ಬ. ಈ ಚರ್ಚೆ ಶುರು ಮಾಡಿದ್ದು ಅರ್ಧ ಅದಕ್ಕೇ.

ರೈಟ್ ಕಾರ್ನರ್:
ಕೊನೇ ಆಳು ಅಂತ ಮೇಲೆ ದೊಡ್ಡದಾಗಿ ಬರೆದೆ. ಅದು ನನ್ನದೇ ಅನುಭವ. ಕಾಲೇಜಿನ ಕೊನೇ ವರ್ಷ, ಫೈನಲ್ಲು. ಒಂದು ಪಾಯಿಂಟು ಲೀಡ್. ರೇಡರ್ ಬರೀ ಕ್ಯಾಂಟು ಹೇಳಿಕೊಂಡು ಅಡ್ಡಾಡುತ್ತಿದ್ದ, ಅವನಿಗೂ ದಾರಿ ಕಾಣುತ್ತಿರಲಿಲ್ಲ. ನಾನು ಮಂಡಿಗೆ ಡೈವ್ ಹೊಡೆದೆ. ಕಾಲು ಸಿಗಲಿಲ್ಲ, ಅವನ ಬೆರಳು ಸಿಕ್ಕಿತು, ನನ್ನ ಹಿಂದಿದ್ದ ಕವರ್‌ಗೂ ಮುಟ್ಟಿ ವಾಪಸ್ ಹೋದ. ಎರಡು ಪಾಯಿಂಟು. ಸೋತೆವು.

ಅದಕ್ಕೂ ಮೊದಲು ನಮ್ಮ ರೇಡರ್ ನಾಲ್ಕು ಖಾಲಿ ರೇಡ್ ಮಾಡಿ ಬಂದಿದ್ದ. ಅದು ಯಾರಿಗೂ ನೆನಪಿಲ್ಲ. ಹದಿನೆಂಟು ವರ್ಷ ಆಯಿತು. ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಬಡಿಸುತ್ತಿದ್ದವನು ಗುರುತು ಹಿಡಿದು, 'ಡೈವ್ ಹೊಡೀಬೇಡಿ ಅಣ್ಣ, ಸಾರು ಬಿಸಿ ಇದೆ' ಅಂದ.

ನಿದ್ದೆಗೆಟ್ಟವಳು:
ಅಯ್ಯೋ! ಆ ಫೈನಲ್ ಆದ ಮೇಲೆ ಏನಾಯಿತು ಸರ್? ಮತ್ತೆ ಆಡಿಸಿದರಾ?

ರೈಟ್ ಕಾರ್ನರ್:
ಊರಿನ ಟೀಮಿನಲ್ಲಿ ಆಡಿಸಿದರು. ಕಾರ್ನರಿನಿಂದ ತೆಗೆದು ಕವರ್‌ಗೆ ಹಾಕಿದರು. ಇಲ್ಲಿ ಹೆಸರು ಮಾತ್ರ ಬದಲಾಯಿಸಿಲ್ಲ.